ಹೊಟ್ಟೆ ಯಾರದು?

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಏಳನೆಯ ತರಗತಿಯ ಮಕ್ಕಳಿಗೆ ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದರೆ ಅರ್ಧಕ್ಕರ್ಧ ಮಕ್ಕಳು ತಪ್ಪದೆ ಒಂದು ವಾಕ್ಯ ಬರೆಯುತ್ತಾರೆ: ‘ಆದ್ದರಿಂದ ರೋಗವಿಲ್ಲದವನಿಗೆ ಊಟ ಮಾಡಲು ಗೊತ್ತಿದೆ ಎಂದು ತಿಳಿಯಬೇಕು.’ ಗಾದೆ ಹಾಗೆ ಹೇಳುವುದಿಲ್ಲ. ಮಳೆ ಬಂದರೆ ಅಂಗಳ ನೆನೆಯುತ್ತದೆ ಎಂಬುದು ನಿಜ. ಹಾಗೆಂದು ನೆನೆದ ಅಂಗಳವನ್ನೆಲ್ಲ ಮಳೆಯೇ ನೆನೆಸಿತು ಎನ್ನಲಾಗುವುದಿಲ್ಲ. ಯಾರೋ ರಂಗೋಲಿ ಹಾಕಲು ನೀರು ಚಿಮುಕಿಸಿರಬಹುದು. ಮಕ್ಕಳಿಗೆ ಇದನ್ನು ಹೇಳಿದರೆ ಅರ್ಥವಾಗುತ್ತದೆ. ದೊಡ್ಡವರಿಗೆ ಅರ್ಥ ಮಾಡಿಸುವುದು ಕಷ್ಟ. ದಪ್ಪಗಿರುವ ಹೆಂಗಸೊಬ್ಬಳು ಮದುವೆಮನೆಯಲ್ಲಿ ಎರಡನೆಯ ಹೋಳಿಗೆ ಹಾಕಿಸಿಕೊಂಡರೆ ಪಕ್ಕದ ಪಂಕ್ತಿಯವರ ಕಣ್ಣು ಅವಳ ಎಲೆಯ ಮೇಲಿರುತ್ತದೆ. ತೆಳ್ಳಗಿರುವವಳು ನಾಲ್ಕು ತಿಂದರೂ ಯಾರೂ ಎಣಿಸುವುದಿಲ್ಲ.

ಈ ವಿಷಯವನ್ನು ನಾನು ಕುಳಿತು ಯೋಚಿಸುವಂತೆ ಮಾಡಿದವಳು ನನ್ನ ತಂಗಿ. 2023ರಲ್ಲಿ ಅವಳಿಗೆ 46 ವರ್ಷ, ತೂಕ 104 ಕಿಲೋ, ಎತ್ತರ 155 ಸೆಂಟಿಮೀಟರು. ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆಗೆ ಡಾಕ್ಟರುಗಳು ಬಿ.ಎಂ.ಐ. ಎನ್ನುತ್ತಾರೆ. ಅವಳದು 43. ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಸಲ ಇನ್ಸುಲಿನ್, ಬಿ.ಪಿ. ಮಾತ್ರೆ, ಮಂಡಿನೋವು. ಇವೆಲ್ಲದರ ಜೊತೆಗೆ ರಾತ್ರಿ ಮಲಗಿದರೆ ಗಂಟಲವರೆಗೆ ಬರುವ ಹುಳಿತೇಗು, ಎದೆಯುರಿ. ಎರಡು ದಿಂಬು ಒರಗಿಸಿಕೊಂಡು ಅರ್ಧ ಕುಳಿತೇ ನಿದ್ದೆ ಮಾಡುತ್ತಿದ್ದಳು. ಬೆಂಗಳೂರಿನ ಡಾಕ್ಟರು ತೂಕ ಇಳಿಸುವ ಆಪರೇಷನ್ ಒಳ್ಳೆಯದು ಎಂದರು. ಅದರಲ್ಲಿ ಎರಡು ಮೂರು ಬಗೆಗಳಿವೆ, ಯೋಚಿಸಿ ಬನ್ನಿ ಎಂದು ಹೇಳಿ ಕಳಿಸಿದರು. ಅಲ್ಲಿಂದ ಮನೆಯಲ್ಲಿ ಚರ್ಚೆ ಶುರುವಾಯಿತು.

ಮೊದಲ ಪ್ರಶ್ನೆ, ಆಪರೇಷನ್ನೇ ಬೇಕೆ ಎಂಬುದು. ‘ಬಾಯಿ ಕಟ್ಟಿದರೆ ಸಾಲದೇ? ಇದು ಸೋಮಾರಿಗಳ ಅಡ್ಡದಾರಿ’ ಎಂದು ಅವಳ ಗಂಡನ ಕಡೆಯ ಹಿರಿಯರೊಬ್ಬರು ಎದುರಿಗೇ ಹೇಳಿದರು. ಇದಕ್ಕೆ ಉತ್ತರ ಕೊಡಬೇಕಾದರೆ ದೇಹದ ಲೆಕ್ಕವನ್ನು ಸ್ವಲ್ಪ ತಿಳಿಯಬೇಕು. ನಾವು ಊಟ ಕಡಿಮೆ ಮಾಡಿ ತೂಕ ಇಳಿಸಿದೊಡನೆ ದೇಹ ಅದನ್ನು ಬರಗಾಲ ಎಂದು ತಿಳಿಯುತ್ತದೆ. ಹಸಿವು ಹೆಚ್ಚಿಸುತ್ತದೆ, ಶಕ್ತಿಯ ಖರ್ಚು ಕಡಿಮೆ ಮಾಡುತ್ತದೆ. ಜಠರದ ಮೇಲ್ಭಾಗದಲ್ಲಿ ಹೆಚ್ಚಾಗಿ ಹುಟ್ಟುವ ಗ್ರೆಲಿನ್ ಎಂಬ ರಸದೂತವನ್ನು ಜಪಾನಿನ ವಿಜ್ಞಾನಿಗಳು 1999ರಲ್ಲಿ ಗುರುತಿಸಿದರು. ಹಸಿವಾಗಿದೆ ಎಂದು ಮಿದುಳಿಗೆ ಹೇಳಿ ಕಳಿಸುವುದು ಅದರ ಕೆಲಸ. ಪಥ್ಯ ಮಾಡಿ ಇಳಿದವರಲ್ಲಿ ಅದು ಕಡಿಮೆಯಾಗುವ ಬದಲು ಏರುತ್ತದೆ. ನನ್ನ ತಂಗಿ ಮೂರು ಸಲ ಹತ್ತು ಹನ್ನೆರಡು ಕಿಲೋ ಇಳಿಸಿ, ಮೂರು ಸಲವೂ ಬಡ್ಡಿ ಸಮೇತ ವಾಪಸು ಪಡೆದವಳು. ಛಲವಿಲ್ಲದವಳು ಮೂರು ಸಲ ಅಷ್ಟು ಇಳಿಸುತ್ತಿದ್ದಳೇ?

ಸ್ವೀಡನ್ ದೇಶದಲ್ಲಿ 1987ರಲ್ಲಿ ಆರಂಭಿಸಿದ ಒಂದು ದೊಡ್ಡ ಅಧ್ಯಯನವಿದೆ. ಸುಮಾರು ನಾಲ್ಕು ಸಾವಿರ ಸ್ಥೂಲಕಾಯದವರಲ್ಲಿ ಅರ್ಧದಷ್ಟು ಜನ ಆಪರೇಷನ್ ಮಾಡಿಸಿಕೊಂಡರು, ಉಳಿದರ್ಧ ಮಾಮೂಲು ಚಿಕಿತ್ಸೆಯಲ್ಲಿದ್ದರು. ಮಾಮೂಲು ಚಿಕಿತ್ಸೆಯವರ ಸರಾಸರಿ ತೂಕ ಹದಿನೈದು ವರ್ಷವಾದರೂ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಆಪರೇಷನ್ ಆದವರ ತೂಕ ಇಳಿಯಿತು, ಸ್ವಲ್ಪ ಮತ್ತೆ ಏರಿ ನಿಂತಿತು. 2007ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಆಪರೇಷನ್ ಆದವರ ಗುಂಪಿನಲ್ಲಿ ಸಾವುಗಳೂ ಕಡಿಮೆಯಾಗಿದ್ದವು. ಹೀಗಿರುವಾಗ ಇದನ್ನು ಅಡ್ಡದಾರಿ ಎನ್ನುವುದು ಹೇಗೆ? ಕಣ್ಣಿನ ಪೊರೆ ತೆಗೆಸಿಕೊಂಡವರನ್ನು ‘ಕಣ್ಣರಳಿಸಿ ನೋಡುವ ಮನಸ್ಸು ಮಾಡಲಿಲ್ಲ’ ಎಂದು ಯಾರೂ ಹೀಯಾಳಿಸುವುದಿಲ್ಲ. ನಮ್ಮ ದೇಶದ ವಿಮಾ ಪ್ರಾಧಿಕಾರ ಕೂಡ 2019ರ ನಿಯಮಗಳಲ್ಲಿ, ಬಿ.ಎಂ.ಐ. 40 ದಾಟಿದವರ, ಇಲ್ಲವೇ 35 ದಾಟಿ ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಂಥ ತೀವ್ರ ತೊಂದರೆ ಇರುವವರ ಆಪರೇಷನ್ನನ್ನು ಸೌಂದರ್ಯದ ಖರ್ಚು ಎಂದು ತಳ್ಳಿಹಾಕದೆ ಬೇರೆಯಾಗಿಟ್ಟಿದೆ. ನಿಯಮ ಬರೆದವರಿಗೆ ಅರ್ಥವಾದದ್ದು ನಮ್ಮ ನಂಟರಿಗೆ ಅರ್ಥವಾಗಲು ಇನ್ನೂ ಕಾಲ ಬೇಕು.

ಎರಡನೆಯ ಪ್ರಶ್ನೆ ಹೆಚ್ಚು ಕಷ್ಟದ್ದು: ಯಾವ ಆಪರೇಷನ್? ಇದನ್ನು ತಿಳಿಯಲು ನಾನೂ ತಂಗಿಯೂ ಪುಸ್ತಕ ಪೆನ್ಸಿಲು ಹಿಡಿದು ಕುಳಿತೆವು. ತಿಳಿದಷ್ಟನ್ನು ಅಡುಗೆಮನೆಯ ಮಾತಿನಲ್ಲಿ ಹೇಳುತ್ತೇನೆ.

ಒಂದು, ಸ್ಲೀವ್. ಜಠರ ಒಂದು ಚೀಲ. ಅದರ ಮುಕ್ಕಾಲು ಭಾಗವನ್ನು ಉದ್ದಕ್ಕೆ ಕತ್ತರಿಸಿ ಹೊರಗೆ ತೆಗೆಯುತ್ತಾರೆ. ಉಳಿದದ್ದು ಒಂದು ಬಾಳೆಹಣ್ಣಿನ ಆಕಾರದ ಕೊಳವೆ. ಗ್ರೆಲಿನ್ ಹುಟ್ಟುವ ಭಾಗವೂ ಹೋಗುವುದರಿಂದ ಹಸಿವೇ ತಗ್ಗುತ್ತದೆ. ಕರುಳನ್ನು ಮುಟ್ಟುವುದಿಲ್ಲ. ಈಗ ಪ್ರಪಂಚದಲ್ಲಿ ಅತಿ ಹೆಚ್ಚು ಮಾಡುತ್ತಿರುವುದು ಇದನ್ನೇ. ಆದರೆ ತೆಗೆದದ್ದನ್ನು ಮತ್ತೆ ಇಡಲಾಗುವುದಿಲ್ಲ.

ಎರಡು, ಬೈಪಾಸ್. ಹೃದಯದ ಬೈಪಾಸ್ ಅಲ್ಲ, ಹೊಟ್ಟೆಯದು. ಜಠರದ ಮೇಲ್ತುದಿಯಲ್ಲಿ ಒಂದು ಕಾಫಿ ಲೋಟದ ಕಾಲು ಭಾಗದಷ್ಟು, ಸುಮಾರು 30 ಮಿಲಿಲೀಟರಿನ ಪುಟ್ಟ ಚೀಲ ಮಾಡಿ, ಸಣ್ಣ ಕರುಳನ್ನು ತಂದು ಅದಕ್ಕೇ ಜೋಡಿಸುತ್ತಾರೆ. ಉಂಡದ್ದು ದೊಡ್ಡ ಜಠರವನ್ನೂ ಕರುಳಿನ ಮೊದಲ ಭಾಗವನ್ನೂ ಬಿಟ್ಟು ಒಳದಾರಿಯಲ್ಲಿ ಹೋಗುತ್ತದೆ. ಉಳಿದ ಜಠರವನ್ನು ಎಸೆಯುವುದಿಲ್ಲ. ಅದು ತನ್ನ ಪಾಡಿಗೆ ರಸ ಸುರಿಸುತ್ತಾ ಒಳಗೇ ಇರುತ್ತದೆ. ಜೋಡಣೆ ವೈ ಅಕ್ಷರದಂತೆ ಕಾಣುವುದರಿಂದಲೂ, ಆ ಬಗೆಯ ಜೋಡಣೆಗೆ ಸ್ವಿಟ್ಜರ್‌ಲ್ಯಾಂಡಿನ ಸೀಸರ್ ರೂ ಎಂಬ ವೈದ್ಯನ ಹೆಸರು ಬಂದಿರುವುದರಿಂದಲೂ ಇದನ್ನು ರೂ-ಎನ್-ವೈ ಎನ್ನುತ್ತಾರೆ. ಬೈಪಾಸನ್ನು ತೂಕ ಇಳಿಸಲು ಮೊದಲು ಮಾಡಿದವರು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್, 1966ರಲ್ಲಿ. ಹುಣ್ಣಿಗಾಗಿ ಜಠರದ ಭಾಗ ತೆಗೆಸಿಕೊಂಡ ಹೆಂಗಸರು ಮತ್ತೆ ಮೈ ತುಂಬಿಕೊಳ್ಳುವುದಿಲ್ಲ ಎಂಬುದನ್ನು ನೋಡಿ ಅವರಿಗೆ ಇದು ಹೊಳೆಯಿತಂತೆ.

ಮೂರು, ಬ್ಯಾಂಡ್. ಜಠರದ ಕತ್ತಿಗೆ ಸಿಲಿಕೋನಿನ ಪಟ್ಟಿ ಕಟ್ಟಿ, ಚರ್ಮದ ಕೆಳಗಿನ ಗುಂಡಿಯ ಮೂಲಕ ಉಪ್ಪುನೀರು ತುಂಬಿ ಬಿಗಿ ಮಾಡುವುದು. ಏನನ್ನೂ ಕತ್ತರಿಸುವುದಿಲ್ಲವೆಂದು ಒಂದು ಕಾಲಕ್ಕೆ ಬಹಳ ಹೆಸರಾಗಿತ್ತು. ಪಟ್ಟಿ ಜಾರುವುದು, ಜಠರದ ಗೋಡೆಯನ್ನು ಕೊರೆಯುವುದು, ತೂಕ ಸಾಕಷ್ಟು ಇಳಿಯದಿರುವುದು, ಹೀಗೆ ಎಷ್ಟೋ ಜನ ಮತ್ತೆ ಆಪರೇಷನ್ ಮಾಡಿಸಿ ತೆಗೆಸಿಕೊಂಡರು. ಈಗ ಹೆಚ್ಚು ಬಳಕೆಯಲ್ಲಿಲ್ಲ.

ಇನ್ನು ಕರುಳಿನ ಬಹುಭಾಗವನ್ನು ಬಿಟ್ಟು ಜೋಡಿಸುವ ಡುವೋಡಿನಲ್ ಸ್ವಿಚ್ ಎಂಬುದೊಂದಿದೆ. ತೂಕವನ್ನೂ ಸಕ್ಕರೆಯನ್ನೂ ಎಲ್ಲಕ್ಕಿಂತ ಹೆಚ್ಚಾಗಿ ಇಳಿಸುವುದು ಅದೇ, ಪೋಷಕಾಂಶಗಳ ಕೊರತೆ ಎಲ್ಲಕ್ಕಿಂತ ಹೆಚ್ಚಾಗಿ ಉಂಟುಮಾಡುವುದೂ ಅದೇ. 1950-60ರ ದಶಕಗಳಲ್ಲಿ ಕರುಳನ್ನು ಇನ್ನೂ ವಿಪರೀತವಾಗಿ ಮೊಟಕು ಮಾಡುವ ಆಪರೇಷನ್ ಒಂದಿತ್ತು. ತಡೆಯಲಾರದ ಭೇದಿ, ಯಕೃತ್ತಿನ ಹಾನಿ ಕಂಡ ಮೇಲೆ ಅದನ್ನು ಕೈಬಿಟ್ಟರು. ಇಂಥ ಆಪರೇಷನ್ ಮಾಡಿಸಿಕೊಳ್ಳುವವರಲ್ಲಿ ಹೆಚ್ಚಿನವರು ಹೆಂಗಸರೇ. ಇಂದಿನ ಡಾಕ್ಟರುಗಳ ಜಾಣತನದ ಹಿಂದೆ ಅಂದಿನ ಆ ಹೆಂಗಸರ ನೋವಿದೆ ಎಂಬುದನ್ನು ನಾವು ಮರೆಯಬಾರದು.

ತಂಗಿಯ ಮುಂದೆ ಉಳಿದದ್ದು ಸ್ಲೀವ್ ಮತ್ತು ಬೈಪಾಸ್. ಇವೆರಡನ್ನೂ ಎದುರುಬದುರು ಇಟ್ಟು ಫಿನ್ಲೆಂಡಿನಲ್ಲಿ 240 ಜನರನ್ನೂ ಸ್ವಿಟ್ಜರ್‌ಲ್ಯಾಂಡಿನಲ್ಲಿ 217 ಜನರನ್ನೂ ಐದು ವರ್ಷ ಗಮನಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಇರಬೇಕಾದ್ದಕ್ಕಿಂತ ಹೆಚ್ಚಿದ್ದ ತೂಕದಲ್ಲಿ ಸ್ಲೀವ್ ಆದವರು ಫಿನ್ಲೆಂಡಿನಲ್ಲಿ ನೂರಕ್ಕೆ 49 ಭಾಗ, ಸ್ವಿಟ್ಜರ್‌ಲ್ಯಾಂಡಿನಲ್ಲಿ 61 ಭಾಗ ಕಳೆದುಕೊಂಡಿದ್ದರು. ಬೈಪಾಸಿನವರದು 57 ಮತ್ತು 68. ಬೈಪಾಸ್ ಒಂದು ಹೆಜ್ಜೆ ಮುಂದೆ, ಅಷ್ಟೇ. ಪರೀಕ್ಷೆಯ ಅಂಕಗಳಂತೆ ಈ ಸಂಖ್ಯೆಗಳನ್ನು ನೋಡಿ ಒಂದನೇ ರ‍್ಯಾಂಕು ಯಾರಿಗೆ ಎಂದು ತೀರ್ಮಾನಿಸುವಂತಿದ್ದರೆ ಕೆಲಸ ಸುಲಭವಾಗುತ್ತಿತ್ತು. ಆದರೆ ಇಲ್ಲಿ ಆರಿಸಬೇಕಾದದ್ದು ಲಾಭವನ್ನಲ್ಲ, ನಷ್ಟವನ್ನು. ಎರಡರಲ್ಲೂ ತೂಕ ಇಳಿಯುತ್ತದೆ. ಪ್ರತಿಯೊಂದೂ ಅದಕ್ಕೆ ಬೇರೆ ಬೇರೆ ಬೆಲೆ ಕೇಳುತ್ತದೆ.

ಸ್ಲೀವ್ ಆದರೆ ಎದೆಯುರಿ ಹೆಚ್ಚಬಹುದು. ಸ್ವಿಟ್ಜರ್‌ಲ್ಯಾಂಡಿನ ಆ ಅಧ್ಯಯನದಲ್ಲಿ ಮೊದಲೇ ಹುಳಿತೇಗು ಇದ್ದವರ ಪೈಕಿ ಸ್ಲೀವ್ ಆದ ಮೇಲೆ ಸುಮಾರು ಮೂವರಲ್ಲಿ ಒಬ್ಬರಿಗೆ ಅದು ಇನ್ನೂ ಕೆಟ್ಟಿತು. ಬೈಪಾಸಿನವರಲ್ಲಿ ಹಾಗಾದವರು ಬಹಳ ಕಡಿಮೆ. ಬೈಪಾಸ್ ಆದರೆ ಕಬ್ಬಿಣ, ಸುಣ್ಣ, ಬಿ12 ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಬದುಕಿರುವವರೆಗೆ ಮಾತ್ರೆ, ಕಾಲಕಾಲಕ್ಕೆ ರಕ್ತಪರೀಕ್ಷೆ. ಮಾತ್ರೆ ಸ್ಲೀವಿಗೂ ಬೇಕು, ಇಲ್ಲಿ ತಪ್ಪಿಸಿದರೆ ಹಾನಿ ಹೆಚ್ಚು. ಸಿಹಿ ಹೆಚ್ಚಾದರೆ ಎದೆ ಡವಗುಟ್ಟಿ, ಬೆವತು, ಭೇದಿಯಾಗಬಹುದು. ಜೋಡಿಸಿದ ಜಾಗದಲ್ಲಿ ಹುಣ್ಣಾಗುವ ಭಯದಿಂದ ಮಾಮೂಲಾಗಿ ನುಂಗುವ ಎಷ್ಟೋ ನೋವಿನ ಗುಳಿಗೆಗಳನ್ನು ಬಿಡಬೇಕು. ನನ್ನ ತಂಗಿಗೆ ಮಂಡಿನೋವು. ಮುಟ್ಟಿನ ರಕ್ತಸ್ರಾವ ಹೆಚ್ಚಾಗಿ ರಕ್ತಹೀನತೆಯೂ ಇತ್ತು. ಎದೆಯುರಿ ನೋಡಿದರೆ ಬೈಪಾಸ್, ಮಂಡಿಯನ್ನೂ ರಕ್ತವನ್ನೂ ನೋಡಿದರೆ ಸ್ಲೀವ್. ಒಂದೇ ದೇಹ ಎರಡು ಕಡೆ ಕೈ ತೋರಿಸುತ್ತಿತ್ತು.

ಮನೆಯಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಅಭಿಪ್ರಾಯ. ಅವಳ ಯಜಮಾನರಿಗೆ ಸ್ಲೀವ್ ಇಷ್ಟ: ಕರುಳಿಗೆ ಕೈಹಾಕುವುದಿಲ್ಲ, ಬೇಗ ಮುಗಿಯುತ್ತದೆ, ಖರ್ಚೂ ಸ್ವಲ್ಪ ಕಡಿಮೆ. ಅವಳ ಅತ್ತೆಯವರಿಗೆ ಅದು ಬೇಡವೇ ಬೇಡ: ‘ದೇವರು ಕೊಟ್ಟದ್ದನ್ನು ಕತ್ತರಿಸಿ ಕಸಕ್ಕೆ ಹಾಕುವುದೇ? ಇನ್ನೊಂದರಲ್ಲಿ ಎಲ್ಲ ಒಳಗೇ ಇರುತ್ತದಲ್ಲ.’ ಎಪ್ಪತ್ತೆಂಟು ವರ್ಷದ ಆಕೆಯ ಮಾತಿಗೆ ಮನೆಯವರು ನಕ್ಕರು. ನನಗೆ ನಗು ಬರಲಿಲ್ಲ. ತಿರುಗಿ ಬರಲಾಗದ ದಾರಿಯಲ್ಲಿ ಹೆಜ್ಜೆ ಇಡುವ ಮುನ್ನ ಹೆದರುವುದು ಮೂಢನಂಬಿಕೆಯಲ್ಲ. ಬೈಪಾಸನ್ನು ತೀರಾ ಅಗತ್ಯ ಬಿದ್ದರೆ ಕಷ್ಟಪಟ್ಟಾದರೂ ಬಿಡಿಸಿ ಜೋಡಿಸಬಹುದು ಎಂದು ಡಾಕ್ಟರೂ ಹೇಳಿದ್ದರು. ಕಾಲೇಜಿಗೆ ಹೋಗುವ ಮಗಳು ಮಾತ್ರ, ‘ಅಮ್ಮ, ಯಾವುದರಲ್ಲಿ ಹೆಚ್ಚು ತೆಳ್ಳಗಾಗುತ್ತೀಯೋ ಅದನ್ನೇ ಮಾಡಿಸಿಕೋ’ ಎಂದಳು.

ಎಲ್ಲರೂ ಪ್ರೀತಿಯಿಂದಲೇ ಹೇಳಿದ್ದು. ಆದರೆ ಒಬ್ಬೊಬ್ಬರೂ ತಮಗೆ ಯಾವ ನಷ್ಟದ ಭಯವಿತ್ತೋ ಅದನ್ನು ಅವಳ ಹೊಟ್ಟೆಯ ಮೇಲೆ ಹೊರಿಸುತ್ತಿದ್ದರು. ನನ್ನ ತಂಗಿ ಎಲ್ಲವನ್ನೂ ಕೇಳಿಸಿಕೊಂಡು ರಾತ್ರಿ ನನ್ನೊಡನೆ ಹೇಳಿದಳು: ‘ಅಕ್ಕ, ಮಂಡಿನೋವು ಎಲ್ಲರಿಗೂ ಕಾಣುತ್ತದೆ, ನಾನು ಕುಂಟುತ್ತೇನಲ್ಲ. ರಾತ್ರಿ ಎರಡು ಗಂಟೆಗೆ ಗಂಟಲಿಗೆ ಆಸಿಡ್ ಬಂದು ಎದ್ದು ಕೂರುವುದು ಯಾರಿಗೂ ಕಾಣುವುದಿಲ್ಲ. ನೋವನ್ನು ತಡೆದುಕೊಳ್ಳಬಲ್ಲೆ. ಮಾತ್ರೆ ನುಂಗಬಲ್ಲೆ, ಹೇಗಿದ್ದರೂ ಒಂಬತ್ತು ವರ್ಷದಿಂದ ಒಂದು ದಿನ ತಪ್ಪಿಸಿಲ್ಲ. ಮಲಗಲಾಗದಿರುವುದನ್ನು ಮಾತ್ರ ಇನ್ನು ತಡೆದುಕೊಳ್ಳಲಾರೆ.’ ಡಾಕ್ಟರ ಸಲಹೆಯೂ ಆ ಕಡೆಗೇ ವಾಲಿತ್ತು. ಅವಳು ಬೈಪಾಸ್ ಆರಿಸಿಕೊಂಡಳು.

ಡಾಕ್ಟರಿಗೆ ನೂರು ಜನರ ಸರಾಸರಿ ಗೊತ್ತು. ಮನೆಯವರಿಗೆ ಮನೆಯ ಹಣಕಾಸು ಗೊತ್ತು. ಇವೆರಡೂ ಬೇಕಾದವೇ. ಆದರೆ ಇನ್ನು ಮೂವತ್ತು ವರ್ಷ ಯಾವ ಶಿಸ್ತನ್ನು ಪಾಲಿಸಬಲ್ಲೆ, ಯಾವ ಕಷ್ಟದೊಂದಿಗೆ ಬಾಳಬಲ್ಲೆ ಎಂಬುದು ಆ ದೇಹದಲ್ಲಿ ವಾಸ ಮಾಡುವವಳಿಗೆ ಮಾತ್ರ ಗೊತ್ತು. ಇದನ್ನೇ ನಾನು ಹಕ್ಕು ಎನ್ನುತ್ತೇನೆ. ಪರಿಣಾಮವನ್ನು ಅನುಭವಿಸುವವರು ಯಾರೋ ಕೊನೆಯ ಮಾತು ಅವರದು. ಮಾತ್ರೆ ಮರೆಯುವ ಸ್ವಭಾವದ ಇನ್ನೊಬ್ಬಳು ಇದೇ ಸ್ಥಿತಿಯಲ್ಲಿ ‘ನನ್ನಿಂದ ಅಷ್ಟು ಕಟ್ಟುನಿಟ್ಟು ಆಗದು’ ಎಂದು ಸ್ಲೀವ್ ಕೇಳಿದರೆ ಅವಳ ಮಾತಿನಲ್ಲೂ ಅಷ್ಟೇ ವಿವೇಕವಿರುತ್ತದೆ.

ಇಲ್ಲಿ ಒಂದು ಕಷ್ಟದ ಮಾತನ್ನು ಹೇಳಲೇಬೇಕು. ಕೊನೆಯ ಮಾತು ಅವಳದು ಎಂದರೆ, ಆ ಮಾತು ನಿಜಕ್ಕೂ ಅವಳದೇ ಎಂದು ಹೇಗೆ ತಿಳಿಯುವುದು? ನನ್ನ ಪರಿಚಯದವರೊಬ್ಬರ ಮಗಳು, 24 ವರ್ಷ, ಬಿ.ಎಂ.ಐ. 31. ಸಕ್ಕರೆ ಇಲ್ಲ, ಬಿ.ಪಿ. ಇಲ್ಲ, ದಿನಾ ಎರಡು ಮೈಲಿ ನಡೆಯುತ್ತಾಳೆ. ಮೂರು ಗಂಡುಗಳ ಕಡೆಯವರು ‘ಹುಡುಗಿ ಸ್ವಲ್ಪ ದಪ್ಪ’ ಎಂದು ಹೋದ ಮೇಲೆ ತಂದೆತಾಯಿ ಸ್ಲೀವ್ ಮಾಡಿಸಲು ಹೊರಟರು. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಏಷ್ಯಾದವರಿಗೆ 27.5ರಿಂದಲೇ ಆಪರೇಷನ್ ಸೂಚಿಸಬಹುದು ಎನ್ನುತ್ತದೆ. ಆದ್ದರಿಂದ ನಿಯಮದ ಅಡ್ಡಿಯಿಲ್ಲ. ಹುಡುಗಿಯನ್ನು ಕೇಳಿದರೆ ‘ಹೂಂ, ಮಾಡಿಸಿಕೊಳ್ಳುತ್ತೇನೆ’ ಎನ್ನುತ್ತಾಳೆ. ಆದರೆ ಆ ‘ಹೂಂ’ ಯಾರದು? ಆಪರೇಷನ್ ಆದ ಮೇಲೆ ಒಂದರಿಂದ ಒಂದೂವರೆ ವರ್ಷ ಬಸಿರಾಗಬಾರದು ಎನ್ನುತ್ತಾರೆ. ಈ ಮಾತನ್ನು ಗಂಡಿನ ಮನೆಯವರಿಗೆ ಹೇಳುತ್ತೀರಾ ಎಂದು ನಾನು ಕೇಳಿದೆ. ತಾಯಿ ತಲೆ ತಗ್ಗಿಸಿದರು. ಮುಚ್ಚಿಟ್ಟು ಬದುಕಬೇಕಾದ ಚಿಕಿತ್ಸೆ, ಜೀವನಪೂರ್ತಿ ಕದ್ದು ನುಂಗಬೇಕಾದ ಮಾತ್ರೆ. ನನ್ನ ತಂಗಿಗೂ ಈ ಹುಡುಗಿಗೂ ಮಾಡುವ ಆಪರೇಷನ್ ಹೆಚ್ಚುಕಡಿಮೆ ಒಂದೇ ಆದರೂ ಎರಡೂ ಒಂದೇ ಕೆಲಸವಲ್ಲ. ಒಬ್ಬಳು ತನ್ನ ನಿದ್ದೆಗಾಗಿ ಮಾಡಿಸಿಕೊಂಡಳು. ಇನ್ನೊಬ್ಬಳಿಗೆ ಊರಿನ ಕಣ್ಣಿಗಾಗಿ ಮಾಡಿಸಲು ಹೊರಟಿದ್ದರು. ಹುಡುಗಿ ಮುಂದೆ ತನಗೇ ಬೇಕೆನಿಸಿದಾಗ ನೋಡೋಣ ಎಂದು ಸದ್ಯಕ್ಕೆ ಬಿಟ್ಟಿದ್ದಾಳೆ.

ಈಗ ಇನ್ನೊಂದು ದಾರಿಯೂ ತೆರೆದಿದೆ. ಟಿರ್ಜೆಪಟೈಡ್, ಸೆಮಗ್ಲುಟೈಡ್ ಎಂಬ ವಾರಕ್ಕೊಂದರಂತೆ ಚುಚ್ಚಿಕೊಳ್ಳುವ ತೂಕದ ಇಂಜೆಕ್ಷನ್ನುಗಳು 2025ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದವು. ಕತ್ತಿ ಬೇಡ, ಹೊಲಿಗೆ ಬೇಡ. ಆದರೆ ನಿಲ್ಲಿಸಿದರೆ ಇಳಿದ ತೂಕದ ಬಹುಭಾಗ ಮತ್ತೆ ಬರುತ್ತದೆ. ಆಯ್ಕೆ ಹೆಚ್ಚಾದಷ್ಟೂ ‘ಯಾವುದು ಒಳ್ಳೆಯದು?’ ಎಂದು ಕೇಳುವವರು ಹೆಚ್ಚುತ್ತಾರೆ. ಆ ಪ್ರಶ್ನೆಗೆ ಉತ್ತರವಿಲ್ಲ. ‘ನನಗೆ ಯಾವ ನಷ್ಟ ತಾಳಬಲ್ಲದ್ದು?’ ಎಂಬುದಕ್ಕೆ ಉತ್ತರವುಂಟು.

ತಂಗಿಯ ವಿಷಯ ಹೇಳಿ ಮುಗಿಸುವುದು ನ್ಯಾಯ. ಎರಡು ವರ್ಷದಲ್ಲಿ ಅವಳ ತೂಕ 73 ಕಿಲೋಗೆ ಬಂತು. ಇನ್ಸುಲಿನ್ ನಿಂತಿದೆ, ಸಕ್ಕರೆಗೆ ಒಂದು ಮಾತ್ರೆ ಉಳಿದಿದೆ. ಕಾಯಿಲೆ ಮತ್ತೆ ತಲೆಯೆತ್ತಬಹುದು ಎಂದು ಡಾಕ್ಟರು ಎಚ್ಚರಿಸಿದ್ದಾರೆ. ಮೊದಲ ಆರು ತಿಂಗಳು ಕೂದಲು ಕೈಗೆ ಬರುತ್ತಿತ್ತು. ಒಂದು ಸಲ ರಕ್ತ ಕಡಿಮೆಯಾಗಿ ನರಕ್ಕೆ ಕಬ್ಬಿಣಾಂಶ ಹಾಕಿಸಬೇಕಾಯಿತು. ಸಸ್ಯಾಹಾರಿಯಾದ ಅವಳು ದಿನಕ್ಕೆ 60 ಗ್ರಾಂ ಪ್ರೊಟೀನ್ ಸೇರಿಸಲು ಹೆಸರುಬೇಳೆ, ಮೊಸರು, ಪನೀರು, ಪುಡಿ ಎಂದು ಒಂದು ಟಿಪ್ಪಣಿ ಪುಸ್ತಕವನ್ನೇ ಇಟ್ಟಿದ್ದಾಳೆ. ತೂಕ ಇಳಿದು ಮಂಡಿನೋವು ಅರ್ಧವಾಗಿದೆ. ಚಳಿಗಾಲದಲ್ಲಿ ಉಳಿದರ್ಧ ನರಳಿಸುತ್ತದೆ, ಗುಳಿಗೆ ನುಂಗುವಂತಿಲ್ಲ, ಬಿಸಿನೀರಿನ ಶಾಖವೇ ಗತಿ. ಎದೆಯುರಿ ಇಲ್ಲ. ಒಂದೇ ದಿಂಬಿನ ಮೇಲೆ ಬೆಳಗಿನವರೆಗೆ ಮಲಗುತ್ತಾಳೆ. ಹಿಂದೆ ಅವಳ ಎಲೆ ನೋಡಿ ‘ಇಷ್ಟೊಂದು ತಿನ್ನುತ್ತೀಯಾ’ ಎನ್ನುತ್ತಿದ್ದ ನಂಟರು ಈಗ ‘ಇಷ್ಟೇ ತಿನ್ನುತ್ತೀಯಾ’ ಎನ್ನುತ್ತಾರೆ.

ಆದ್ದರಿಂದ ನಿಮ್ಮ ಮನೆಯಲ್ಲೋ ಸ್ಟಾಫ್ ರೂಮಿನಲ್ಲೋ ಯಾರಾದರೂ ಇಂಥ ನಿರ್ಧಾರದ ಮುಂದೆ ನಿಂತಿದ್ದರೆ, ಸಲಹೆ ಕೊಡುವ ಮೊದಲು ಎರಡು ಮಾತು ಕೇಳಿ. ಯಾವುದನ್ನು ನೀನು ಇನ್ನು ತಡೆದುಕೊಳ್ಳಲಾರೆ? ಯಾವುದನ್ನು ತಡೆದುಕೊಳ್ಳಬಲ್ಲೆ? ಕೇಳಿದ ಮೇಲೆ ಸುಮ್ಮನಿದ್ದು ಉತ್ತರಕ್ಕೆ ಸಮಯ ಕೊಡಿ. ಆಸ್ಪತ್ರೆಗೆ ಹೋಗುವ ದಿನ ಜೊತೆಗೆ ಹೋಗಿ, ಡಾಕ್ಟರು ಹೇಳಿದ್ದನ್ನು ಬರೆದುಕೊಳ್ಳಿ. ಆಮೇಲೆ ಅವಳು ನಿಮ್ಮ ಮನೆಗೆ ಊಟಕ್ಕೆ ಬಂದಾಗ ಅವಳ ಎಲೆಯ ಕಡೆ ನೋಡಬೇಡಿ.